ಹಂಡೆ ಒಲೆಯೂ ಪ್ರಾಜೆಕ್ಟೇ!

ಫೈನಲ್ ಇಯರ್ ಪ್ರಾಜೆಕ್ಟ್ ಅಂದ್ರೆ ನಮಗೆ ಆ್ಯಪ್, ರೋಬೋ ಅಷ್ಟೇ ನೆನಪಾಗುತ್ತೆ. ಆದರೆ ನಮ್ಮ ತುಮಕೂರು ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, ಐಐಎಸ್‌ಸಿಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ತಂಡ ಹಳ್ಳಿಯ ಸೌದೆ ಒಲೆಯನ್ನೇ ಎಂಜಿನಿಯರಿಂಗ್ ಸಮಸ್ಯೆಯಾಗಿ ಕೈಗೆತ್ತಿಕೊಂಡಿತ್ತು. ಮುಚ್ಚಿದ ಉರಿಗೂಡು, ಜಾಲರಿ, ಚಿಮಣಿ ಇದ್ದ 'ಅಸ್ತ್ರ ಒಲೆ'ಗೆ ಸೌದೆಯೂ ಕಡಿಮೆ, ಹೊಗೆಯೂ ಕಡಿಮೆ.

ಗುಬ್ಬಿ ಕಡೆ ಎಷ್ಟೋ ಮನೆಗಳಲ್ಲಿ ಸ್ನಾನದ ಹಂಡೆ ಇವತ್ತಿಗೂ ತೆಂಗಿನ ಮಟ್ಟೆ, ಗರಿಯಲ್ಲೇ ಕಾಯೋದು. ಬಿಸಿನೀರು ಎಲ್ಲರಿಗೂ, ಹೊಗೆ ಮಾತ್ರ ಅಮ್ಮಂದಿರಿಗೆ! 50 ಲೀಟರ್ ನೀರನ್ನು 20 ಡಿಗ್ರಿ ಏರಿಸಲು ಸುಮಾರು 4.2 ಮೆಗಾಜೂಲ್ ಸಾಕು. ಒಂದು ಕೆಜಿ ಒಣ ಸೌದೆಯಲ್ಲೇ ಸುಮಾರು 15 ಇದೆ. ಉಳಿದ ಶಾಖ ಎಲ್ಲಿ ಹೋಗುತ್ತೆ?

ಗೆಳೆಯರೇ, ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳೋದು ಬಿಡೋಣ. ಥರ್ಮಾಮೀಟರ್, ತಕ್ಕಡಿ ಹಿಡಿದು ನಮ್ಮೂರ ಬಚ್ಚಲುಮನೆಗೆ ಹೋಗೋಣ.