ಬಚ್ಚಲ ನೀರಿನ ದಾರಿ

ಸಕಲೇಶಪುರದ ತೆಂಕಣ ದಿಕ್ಕಿಗೆ, ಬಿಸಿಲೆಯ ಕಡೆಗೆ ಹಬ್ಬಿರುವ ಬೆಟ್ಟಸಾಲಿನಲ್ಲಿ ಮಳೆಯನ್ನು ಎರಡಾಗಿ ಹಂಚುವ ನೆತ್ತಿಯೊಂದಿದೆ. ಅದರ ಒಂದು ಮಗ್ಗುಲಲ್ಲಿ ಬಿದ್ದ ಹನಿ ಹೇಮಾವತಿಗೆ ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಇನ್ನೊಂದು ಮಗ್ಗುಲಲ್ಲಿ ಬಿದ್ದುದು ಕುಮಾರಧಾರೆಗಿಳಿದು, ನೇತ್ರಾವತಿಯ ಕೈಹಿಡಿದು ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ನೋಡಬಂದವರು ಈ ವಿಚಿತ್ರಕ್ಕೆ ಬೆರಗಾಗಿ ಹಿಂದಿರುಗುತ್ತಾರೆ. ಆದರೆ ಮಳೆಯ ಹನಿಗಿರುವ ದಾರಿಯೇ ಮನೆಯ ಬಚ್ಚಲ ನೀರಿಗೂ ಉಂಟೆಂಬುದನ್ನು ಎಣಿಸುವವರು ವಿರಳ.

ತಲೆಗೆ ಹಾಕಿದ ಶಾಂಪೂ, ಮೈಗೆ ತಿಕ್ಕಿದ ಸಾಬೂನು, ಮುಕ್ಕಳಿಸಿ ಉಗುಳಿದ ಪೇಸ್ಟಿನ ನೊರೆ, ಇವು ಬಚ್ಚಲ ತೂಬಿನಲ್ಲಿ ಕಣ್ಮರೆಯಾದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ಸಕಲೇಶಪುರದ ಪೇಟೆಯನ್ನು ಸವರಿಕೊಂಡು ಹರಿಯುವ ಹೇಮಾವತಿ ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಅಲ್ಲಿಂದ ಕಾಲುವೆಗಳ ಮೂಲಕ ತುಮಕೂರಿನವರೆಗೂ ಹೋಗಿ ಕುಡಿಯುವ ನೀರಾಗುತ್ತದೆ. ಒಂದು ಊರಿನ ಬಚ್ಚಲಿಗೂ ಇನ್ನೊಂದು ಊರಿನ ಬಿಂದಿಗೆಗೂ ಇರುವ ನಂಟು ಕಣ್ಣಿಗೆ ಕಾಣದು. ಆದರೆ ಅದು ತಪ್ಪಿದ್ದಲ್ಲ.

ಈಗ ಪೇಟೆಯ ಅಂಗಡಿಗಳಲ್ಲಿ ‘ನೈಸರ್ಗಿಕ’ ಎಂಬ ಮಾತಿಗೆ ಎಲ್ಲಿಲ್ಲದ ಬೆಲೆ. ಎಲೆಯ ಚಿತ್ರವಿಲ್ಲದ ಸೀಸೆಯೇ ಇಲ್ಲವೆನ್ನಬಹುದು. ಮನೆಮಂದಿಯ ಆರೋಗ್ಯವನ್ನು ಬಯಸುವ ಗೃಹಿಣಿ ನಾಲ್ಕು ಕಾಸು ಹೆಚ್ಚು ತೆತ್ತು ಅದನ್ನೇ ಕೊಳ್ಳುತ್ತಾಳೆ. ಅವಳ ಬಯಕೆ ಒಳ್ಳೆಯದು. ಆದರೆ ಬಯಕೆಯೊಡನೆ ವಿವೇಚನೆಯೂ ಸೇರದಿದ್ದರೆ ಹಣವೂ ಹೋದೀತು, ಆರೋಗ್ಯವೂ ಸಿಕ್ಕದೆ ಹೋದೀತು.

ಅಜ್ಜಿಯ ಪ್ರಶ್ನೆ

ಆಲೂರಿನ ಕಡೆಯ ಒಂದು ತೋಟದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ದೀಪಾವಳಿಗೆ ಬಂದಿದ್ದಾಳೆ. ಹಿಂದಿನ ದಿನ ನೀರು ತುಂಬುವ ಹಬ್ಬದಲ್ಲಿ ಹಂಡೆ ತೊಳೆದು, ಸುಣ್ಣ–ಕೆಮ್ಮಣ್ಣು ಬಳಿದು ನೀರು ತುಂಬಿಟ್ಟಿದ್ದಾರೆ. ಬೆಳಗಿನ ಜಾವದಲ್ಲಿ ಒಲೆ ಉರಿಯುತ್ತಿದೆ. ಅಜ್ಜಿ ಸೀಗೆಪುಡಿಯನ್ನು ಗಂಜಿತಿಳಿಯಲ್ಲಿ ಕಲಸುತ್ತಿದ್ದಾಳೆ. ಮೊಮ್ಮಗಳು ತನ್ನ ಚೀಲದಿಂದ ಒಂದು ಸೀಸೆಯನ್ನು ತೆಗೆದು ತೋರಿಸುತ್ತಾಳೆ.

“ಅಜ್ಜಿ, ಇದೂ ಸೀಗೆಕಾಯಿಯದ್ದೇ. ಕಣ್ಣು ಉರಿಯಲ್ಲ.”

ಅಜ್ಜಿ ಸೀಸೆಯನ್ನು ತಿರುಗಿಸಿ ನೋಡುತ್ತಾಳೆ. “ಎಲೆ ಬರೆದವ್ರೆ, ಸರಿ. ಒಳಗೆ ಸೀಗೆ ಎಷ್ಟು ಹಾಕವ್ರೆ ಅಂತ ಬರೆದವ್ರಾ ಮಗ?”

ಮೊಮ್ಮಗಳಿಗೆ ಉತ್ತರ ಹೊಳೆಯುವುದಿಲ್ಲ. ಅಜ್ಜಿಯ ಈ ಪ್ರಶ್ನೆಯಲ್ಲಿ ಒಂದು ಶಾಸ್ತ್ರವೇ ಅಡಗಿದೆ. ನೊರೆಗೆ ಬೇಕಾದ ದ್ರವ್ಯವೆಲ್ಲ ಕಾರ್ಖಾನೆಯಲ್ಲಿ ತಯಾರಾಗಿದ್ದು, ಸೀಗೆಯ ಸಾರ ಕೇವಲ ಕೆಲವು ಹನಿಯಷ್ಟಿದ್ದರೂ ಸೀಸೆಯ ಮೇಲೆ ಸೀಗೆಯ ಚಿತ್ರವನ್ನು ಬಿಡಿಸಲು ಅಡ್ಡಿಯಿರಲಿಲ್ಲ. ಇಂಥ ಮಾತುಗಳಿಗೆ ಕಡಿವಾಣ ಹಾಕುವ ಸಲುವಾಗಿಯೇ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿಗಳನ್ನು ಹೊರಡಿಸಿತು. ‘ನೈಸರ್ಗಿಕ’, ‘ಸಾವಯವ’, ‘ಪರಿಸರಸ್ನೇಹಿ’ ಎಂಬ ಮಾತುಗಳನ್ನು ತಕ್ಕ ವಿವರಣೆಯೂ ಆಧಾರವೂ ಇಲ್ಲದೆ ಬಳಸಕೂಡದೆಂಬುದು ಅದರ ತಾತ್ಪರ್ಯ. ಕಾನೂನು ತನ್ನ ಕೆಲಸವನ್ನು ಮಾಡಲಿ. ಸೀಸೆಯ ಬೆನ್ನನ್ನು ತಿರುಗಿಸಿ ಓದುವ ಕೆಲಸವಾದರೋ ಕೊಳ್ಳುವವರದೇ. ಒಳಗಿರುವ ಮುಖ್ಯ ದ್ರವ್ಯಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಅಲ್ಲಿ ಮುದ್ರಿಸಿರುತ್ತಾರೆ. ಮುಂಭಾಗದಲ್ಲಿ ಮೆರೆಯುವ ಸೀಗೆ ಹಿಂಭಾಗದ ಪಟ್ಟಿಯ ತುದಿಯಲ್ಲಿ ಮುದುಡಿ ಕುಳಿತಿದ್ದರೆ ವಿಷಯ ತಾನಾಗಿಯೇ ತಿಳಿಯುತ್ತದೆ.

ಹಳೆಯ ಅರಿವು

ಸ್ನಾನದ ಸಾಮಗ್ರಿಗಳ ವಿಚಾರ ಕನ್ನಡನಾಡಿಗೆ ಹೊಸತಲ್ಲ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಚಾವುಂಡರಾಯನೆಂಬಾತನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆ, ವೈದ್ಯಗಳ ಜತೆಗೆ ಸುಗಂಧದ್ರವ್ಯಗಳನ್ನು ಸಿದ್ಧಪಡಿಸುವ ಬಗೆಯೂ ಇದೆ, ಅಂತರ್ಜಲವನ್ನು ಕಂಡುಹಿಡಿಯುವ ಬಗೆಯೂ ಇದೆ. ಮೈಯ ಸುಗಂಧವೂ ನೆಲದೊಳಗಿನ ನೀರೂ ಒಂದೇ ಹೊತ್ತಗೆಯಲ್ಲಿ ಸ್ಥಾನ ಪಡೆದುದು ಇಂದಿನವರು ಗಮನಿಸತಕ್ಕ ಸಂಗತಿ. ಅದರ ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನು ಒಂದು ಭೋಗವೆಂದೇ ಎಣಿಸಿ ವರ್ಣಿಸಿದ್ದಾನೆ. ‘ಶಾಂಪೂ’ ಎಂಬ ಮಾತು ಕೂಡ ಆಂಗ್ಲರು ಭಾರತದಿಂದ ಕೊಂಡೊಯ್ದದ್ದೇ. ಒತ್ತು, ನೀವು ಎಂಬ ಅರ್ಥದ ಹಿಂದಿಯ ‘ಚಾಂಪೋ’ ಅದರ ತವರು. ತವರಿನಿಂದ ಬರಿಗೈಯಲ್ಲಿ ಹೋದ ಮಗಳು ಬಣ್ಣದ ಸೀಸೆಯೊಡನೆ ಹಿಂದಿರುಗಿದಂತಾಯಿತು.

ಮಲೆನಾಡಿನ ಮನೆಗಳಿಗೆ ಈ ಸಾಮಗ್ರಿಯೆಲ್ಲ ಹಿತ್ತಿಲಿನಿಂದಲೂ ಕಾಡಿನಂಚಿನಿಂದಲೂ ಬರುತ್ತಿತ್ತು. ಮರಗಳಿಗೆ ಹಬ್ಬಿ ಬೆಳೆಯುವ ಮುಳ್ಳಿನ ಸೀಗೆಬಳ್ಳಿ, ಅಂಟುವಾಳದ ಮರ, ಬೇಲಿಯ ದಾಸವಾಳ, ಹಿತ್ತಿಲ ಅರಿಶಿನ, ಪಾತ್ರೆಯಲ್ಲಿ ಕಡಲೆಹಿಟ್ಟು. ಸೀಗೆ, ಅಂಟುವಾಳಗಳಲ್ಲಿ ಸಪೋನಿನ್ ಎಂಬ ದ್ರವ್ಯವಿದ್ದು, ನೀರು ಸೋಕಿದೊಡನೆ ಅದು ನೊರೆಯಾಗಿ ಎಣ್ಣೆಜಿಡ್ಡನ್ನು ಸಡಿಲಿಸುತ್ತದೆ. ಸೀಗೆಯ ಗುಣ ತುಸು ಹುಳಿ. ಮನುಷ್ಯನ ಚರ್ಮದ ಗುಣವೂ ತುಸು ಹುಳಿಯೇ. ಸಾಬೂನಿನದು ಕ್ಷಾರ. ಸೀಗೆಯಲ್ಲಿ ತೊಳೆದ ಕೂದಲು ಒರಟಾಗದೆ ಉಳಿಯಲು ಇದೊಂದು ಕಾರಣ.

‘ನೈಸರ್ಗಿಕ’ವೆಂದರೆ ನಿರಪಾಯವೆ?

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ನಿಸರ್ಗದಿಂದ ಬಂದುದೆಲ್ಲ ನಿರಪಾಯವೆಂದು ತಿಳಿಯುವುದು ಭ್ರಮೆ. ಕೂದಲಿಗೆ ಹಿತವಾದ ಅದೇ ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ. ಕಾಡಿನ ಕೆಲವು ಕಾಯಿಗಳನ್ನು ಜಜ್ಜಿ ಮಡುವಿಗೆ ಹಾಕಿ, ಮಂಕಾಗಿ ತೇಲುವ ಮೀನುಗಳನ್ನು ಹಿಡಿಯುವ ಪದ್ಧತಿ ಹಿಂದೆ ಅನೇಕ ಕಡೆ ಇದ್ದುದಕ್ಕೆ ಇದೇ ಮೂಲ. ಸಣ್ಣ ತೊರೆಯೊಂದಕ್ಕೆ ಅಂಟುವಾಳದ ನೀರನ್ನು ಬಾನಿಗಟ್ಟಲೆ ಸುರಿದು, ‘ಇದು ಪರಿಸರಸ್ನೇಹಿ’ ಎಂದರೆ ಮೀನು ಒಪ್ಪಲಾರದು.

ಕಾಫಿಯ ಬೆಟ್ಟಗಳವರಿಗೆ ಈ ಪಾಠವನ್ನು ಬೇರೆಯವರು ಹೇಳಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಪಲ್ಪರಿನಿಂದ ಹೊರಬೀಳುವ ನೀರಿನಲ್ಲಿ ಕಾಫಿಹಣ್ಣಿನ ತಿರುಳು, ಸಕ್ಕರೆಯ ಅಂಶ, ಅಂಟುಗಳಲ್ಲದೆ ಮತ್ತೇನೂ ಇರುವುದಿಲ್ಲ. ಅದಕ್ಕಿಂತ ನೈಸರ್ಗಿಕವಾದುದು ಇನ್ನೇನಿದೆ? ಆದರೂ ಅದು ಹಳ್ಳಕ್ಕೆ ಇಳಿದರೆ, ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ನೀರು ಕಪ್ಪಾಗಿ ನಾರುತ್ತದೆ. ಅದೂ ಹಳ್ಳಗಳು ಬಡಕಲಾಗುವ ಚಳಿಗಾಲ–ಬೇಸಗೆಯ ಸಂಧಿಯಲ್ಲಿ! ಆದುದರಿಂದಲೇ ಆ ನೀರನ್ನು ಹಳ್ಳಕ್ಕೆ ಬಿಡದೆ ಹೊಂಡಗಳಲ್ಲಿ ನಿಲ್ಲಿಸಿ ಶುದ್ಧಿಗೊಳಿಸಬೇಕೆಂಬ ಕಟ್ಟಳೆ ಬಂದುದು.

ಶ್ರೀಗಂಧದ ಕಥೆ ಇನ್ನೊಂದು ಬಗೆ. ಒಂದನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನವು ಎಣ್ಣೆಯನ್ನು ಇಲ್ಲಿಯೇ ತೆಗೆಯತೊಡಗಿತು. ಅದರಿಂದಲೇ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸರಕಾರದ ಸಾಬೂನು ಕಾರ್ಖಾನೆ ಹುಟ್ಟಿ, ಮೈಸೂರು ಸ್ಯಾಂಡಲ್ ಸಾಬೂನು ಮನೆಮಾತಾಯಿತು. ಆದರೆ ಗಂಧದ ಮರವಾದರೋ ಕಾಡುಗಳಲ್ಲಿ ವಿರಳವಾಗುತ್ತ ಬಂದು, ಇಂದು ಅಪಾಯಕ್ಕೀಡಾದ ಜಾತಿಗಳ ಜಾಗತಿಕ ಪಟ್ಟಿಯನ್ನು ಸೇರಿದೆ. ನಿಸರ್ಗದ ವಸ್ತುವಾದರೂ ಅದಕ್ಕೂ ಒಂದು ಮಿತಿಯುಂಟು ಎಂಬುದನ್ನು ಅದರ ಪರಿಮಳ ಮರೆಸುತ್ತದೆ.

ಮನೆಯಲ್ಲಿ ಮಾಡತಕ್ಕದ್ದು, ಬಿಡತಕ್ಕದ್ದು

ಹಾಗಾದರೆ ಗೃಹಿಣಿ ಏನನ್ನು ಆರಿಸಬೇಕು? ಒಂದೊಂದಾಗಿ ನೋಡಬಹುದು.

ತಲೆಗೆ ಸೀಗೆಪುಡಿಯೇ ಸಾಕು. ಬೇಸಗೆಯ ಬಿಸಿಲಿನಲ್ಲಿ, ಕಾಫಿ ಒಣಗಿಸಿ ತೆರವಾದ ಕಣದಲ್ಲಿ ಸೀಗೆಕಾಯಿಯನ್ನು ಗಲಗಲ ಎನ್ನುವಂತೆ ಒಣಗಿಸಿ, ತುಸು ಮೆಂತ್ಯ, ಹೆಸರುಕಾಳು, ನೆರಳಿನಲ್ಲಿ ಒಣಗಿಸಿದ ದಾಸವಾಳದ ಎಲೆಗಳನ್ನು ಕೂಡಿಸಿ ಪುಡಿಮಾಡಿಸಿಟ್ಟರೆ ವರ್ಷಕ್ಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಬಾಯಿ ಭದ್ರವಾಗಿರಬೇಕು. ಒದ್ದೆ ಕೈ ತಗುಲಿದರೆ ಬೂಷ್ಟು ಖಂಡಿತ. ಕಲಸಿದ್ದನ್ನು ಅಂದೇ ಮುಗಿಸಬೇಕು. ಸೀಸೆಯ ಶಾಂಪೂ ಕೆಡದಿರುವುದು ಅದರಲ್ಲಿ ಸಂರಕ್ಷಕ ದ್ರವ್ಯವಿರುವುದರಿಂದ; ಮನೆಯ ಸೀಗೆಗೆ ಆ ಕಾವಲಿಲ್ಲ. ದಾಸವಾಳದ ಎಲೆಯ ಲೋಳೆ ಎಳೆಯರ ಕೂದಲಿಗೆ ಹಿತ. ಸೀಗೆ ಕಣ್ಣಿಗೆ ಬಿದ್ದರೆ ಉರಿಯುವುದು ನಿಜ, ಕಣ್ಣು ಮುಚ್ಚಿಕೊಳ್ಳುವುದೇ ಅದಕ್ಕೆ ಮದ್ದು.

ರೇಷ್ಮೆ ಸೀರೆಗೆ, ಚಿನ್ನದ ಒಡವೆಗೆ ಅಂಟುವಾಳ ಹೇಳಿಮಾಡಿಸಿದ್ದು. ಬೀಜ ತೆಗೆದ ಎಂಟು–ಹತ್ತು ಕಾಯಿಗಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿದರೆ ಒಂದೆರಡು ಸೀರೆಗೆ ಸಾಲುತ್ತದೆ.

ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು ಒಳ್ಳೆಯವು. ಅರಿಶಿನವನ್ನು ಮಾತ್ರ ಕೊಂಬಿನಿಂದಲೇ ತೇಯ್ದುಕೊಳ್ಳುವುದು ಕ್ಷೇಮ. ಬಿಡಿಯಾಗಿ ಮಾರುವ ಪುಡಿಗೆ ಹೊಳಪು ಬರಲೆಂದು ಸೀಸದ ಬಣ್ಣವನ್ನು ಬೆರೆಸಿದ ಪ್ರಸಂಗಗಳು ಹೊರಬಿದ್ದಿವೆ. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದಂತೂ ಸಲ್ಲದು. ನಿಂಬೆಯೂ ಬಿಸಿಲೂ ಕೂಡಿದರೆ ಚರ್ಮ ಸುಟ್ಟಂತೆ ಬೊಬ್ಬೆಯೇಳಬಹುದು. ಹಸುಗೂಸಿನ ಕಣ್ಣಿಗೆ ಕಾಡಿಗೆ ತೀಡುವುದನ್ನೂ ವೈದ್ಯರು ಬೇಡವೆನ್ನುತ್ತಾರೆ.

ಸಾಬೂನನ್ನು ಕೊಳ್ಳುವವರು ಹೊದಿಕೆಯ ಮೇಲೆ ‘ಟಿ.ಎಫ್.ಎಂ.’ ಎಂಬ ಮೂರಕ್ಷರವನ್ನು ಹುಡುಕಬೇಕು. ಒಟ್ಟು ಕೊಬ್ಬಿನಾಂಶದ ಗುರುತು ಅದು. ಭಾರತೀಯ ಮಾನಕದ ಪ್ರಕಾರ ಶೇಕಡ 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲನೆಯ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ‘ಬೇತಿಂಗ್ ಬಾರ್’ ಎಂದು ಬರೆದದ್ದು ಈ ದರ್ಜೆಗಳ ಲೆಕ್ಕಕ್ಕೆ ಬರುವುದಿಲ್ಲ.

ಕೈತೊಳೆಯುವ ವಿಷಯದಲ್ಲಿ ಹಳೆಯದರ ಮೋಹ ಬೇಡ. ಶೌಚದ ಬಳಿಕ, ಊಟಕ್ಕೆ ಮೊದಲು ಸಾಬೂನು ಇರಲೇಬೇಕು. 2020ರ ಮಹಾಮಾರಿಯ ಕಾಲದಲ್ಲಿ ಲೋಕವೆಲ್ಲ ಮತ್ತೆ ಕಲಿತ ಪಾಠ ಅದು. ಆದರೆ ‘ಕ್ರಿಮಿನಾಶಕ’ ಎಂಬ ಬಿರುದಿನ ಸಾಬೂನೇ ಆಗಬೇಕೆಂದಿಲ್ಲ. ಸಾಧಾರಣ ಸಾಬೂನಿಗಿಂತ ಹೆಚ್ಚಿನ ಪ್ರಯೋಜನ ಸಿದ್ಧಪಟ್ಟಿಲ್ಲವೆಂದು 2016ರಲ್ಲಿ ಅಮೆರಿಕವು ಟ್ರೈಕ್ಲೋಸಾನ್ ಸೇರಿದಂತೆ 19 ದ್ರವ್ಯಗಳನ್ನು ಮನೆಬಳಕೆಯ ಇಂಥ ಸಾಬೂನುಗಳಲ್ಲಿ ನಿಷೇಧಿಸಿತು. ಹಲ್ಲಿನ ಮಾತೂ ಹಾಗೆಯೇ. ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲಿನ ಹೊರಕವಚವನ್ನು ಸವೆಸುತ್ತವೆ. ಮಕ್ಕಳ ಹಲ್ಲು ಹುಳುಕಾಗದಂತೆ ತಡೆಯುವಲ್ಲಿ ಫ್ಲೋರೈಡ್ ಇರುವ ಪೇಸ್ಟೇ ಮೇಲು. ಕಡಲೆಕಾಳಿನಷ್ಟು ಸಾಕು, ಎಳೆಯ ಮಕ್ಕಳಿಗೆ ಅಕ್ಕಿಕಾಳಿನಷ್ಟು.

ಕೊನೆಯದಾಗಿ ಪೊಟ್ಟಣ. ಒಂದು ಸ್ನಾನದ ಶಾಂಪೂವನ್ನು ಹೊತ್ತು ತರುವ ಈ ಪ್ಲಾಸ್ಟಿಕ್ ತುಣುಕು, ಹೊಳೆಯ ದಂಡೆಯಲ್ಲಿ ಹಲವು ತಲೆಮಾರು ಉಳಿಯುತ್ತದೆ. ಪುಣ್ಯಸ್ನಾನದ ಘಟ್ಟಗಳಲ್ಲಿ ಇದರ ಹಾವಳಿ ಎಷ್ಟಾಯಿತೆಂದರೆ, ತೀರ್ಥಕ್ಷೇತ್ರಗಳ ನದಿಗಳಿಂದ 500 ಮೀಟರಿನೊಳಗೆ ಸಾಬೂನು, ಶಾಂಪೂ ಮಾರದಂತೆ ಕ್ರಮ ಕೈಗೊಳ್ಳಲು 2025ರ ಮಾರ್ಚಿಯಲ್ಲಿ ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚಿಸಬೇಕಾಯಿತು.

ಬಾಳೆಯ ಬುಡ

ಹೀಗೆ ಎಲ್ಲವನ್ನೂ ತೂಗಿ ನೋಡಿದಾಗ, ಹಳೆಯ ಮನೆಯ ಹಿರಿಮೆ ಕೇವಲ ಸೀಗೆಯಲ್ಲಿರಲಿಲ್ಲವೆಂಬುದು ಮನವರಿಕೆಯಾಗುತ್ತದೆ. ಸೀಗೆಯ ಸ್ನಾನ ವಾರಕ್ಕೊಮ್ಮೆ ಮಾತ್ರ. ನೀರು ಹಂಡೆಯಲ್ಲಿದ್ದಷ್ಟೇ. ಎಲ್ಲಕ್ಕೂ ಮಿಗಿಲಾಗಿ, ಆ ಮನೆಯ ಬಚ್ಚಲ ನೀರು ಹೊಳೆಗೆ ಹೋಗುತ್ತಿರಲಿಲ್ಲ. ಗೋಡೆಯ ತೂಬಿನಿಂದ ಹೊರಬಿದ್ದು, ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ ಸೇರುತ್ತಿತ್ತು. ಹೊಳೆಯ ಮೀನಿಗೆ ವಿಷವಾಗಬಹುದಾಗಿದ್ದ ನೊರೆಯನ್ನು ಮಣ್ಣು ಜೀರ್ಣಿಸಿಕೊಳ್ಳುತ್ತಿತ್ತು. ಬಳಸಿದ ವಸ್ತು ಸೌಮ್ಯವಾಗಿದ್ದುದರಿಂದ ಬಾಳೆಗೂ ಕೇಡಿರಲಿಲ್ಲ. ತೀಕ್ಷ್ಣವಾದ ಬಟ್ಟೆಪುಡಿಯ ನೀರನ್ನು ದಿನವೂ ಕುಡಿಸಿದರೆ ನೆಲವೂ ತಾಳಲಾರದು.

ನಗರದ ಬಾಡಿಗೆಮನೆಯಲ್ಲಿ ಬಾಳೆಯ ಬುಡವನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಸಹಜ. ಅಂಥ ಮನೆಯ ನೊರೆಯೆಲ್ಲ ಚರಂಡಿಗೇ ಹೋಗುವುದರಿಂದ ಅಲ್ಲಿ ಮಿತವೇ ಬಾಳೆಯ ಬುಡ. ಅಂಗೈ ತುಂಬ ಸುರಿಯುವ ಕಡೆ ಕಾಲುಭಾಗ, ಹತ್ತು ಪೊಟ್ಟಣದ ಬದಲು ಒಂದು ದೊಡ್ಡ ಸೀಸೆ, ಐದು ಬಗೆಯ ಲೇಪನದ ಬದಲು ಒಂದು ಒಳ್ಳೆಯ ಸಾಬೂನು. ಅಂಗಡಿಯಲ್ಲಿ ನಿಂತಾಗ ಮೂರು ಪ್ರಶ್ನೆ ಸಾಕು: ಇದು ಎಲ್ಲಿಂದ ಬಂತು? ಇದರೊಳಗೆ ಏನಿದೆ? ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ಮೊದಲಿನೆರಡಕ್ಕೆ ಸೀಸೆ ಉತ್ತರ ಹೇಳೀತು. ಮೂರನೆಯದಕ್ಕೆ ಮನೆಯೇ ಉತ್ತರ ಹೇಳಬೇಕು.

ಆ ತೋಟದ ಮನೆಯಲ್ಲಿ ಮೊಮ್ಮಗಳ ಎಣ್ಣೆಸ್ನಾನ ಮುಗಿದಿದೆ. ಕಣ್ಣು ಕೆಂಪಾಗಿದೆ, ಕೂದಲು ಹಗುರವಾಗಿದೆ. ಸೀಸೆಯನ್ನು ಚೀಲಕ್ಕೆ ಹಿಂದಿರುಗಿಸುತ್ತ ಅವಳು ಕೇಳುತ್ತಾಳೆ: “ಬೆಂಗಳೂರಿಗೆ ಸ್ವಲ್ಪ ಪುಡಿ ಕೊಡ್ತೀಯಾ ಅಜ್ಜಿ?”

“ಪುಡಿ ಕೊಡ್ತೀನಿ ಮಗ,” ಎನ್ನುತ್ತಾಳೆ ಅಜ್ಜಿ. “ಬಾಳೆ ಮಾತ್ರ ನೀನೇ ನೆಟ್ಕೋಬೇಕು.”