ಓಝೋನ್: ಮೇಲಿದ್ದರೆ ರಕ್ಷೆ, ಮನೆಯೊಳಗಿದ್ದರೆ ಶಿಕ್ಷೆ



ಕಳೆದ ತಿಂಗಳು ನನ್ನ ತಂಗಿಯ ಮನೆಗೆ ಹೋಗಿದ್ದೆ. ಆಕೆಗೆ ಬಹುಕಾಲದಿಂದ ಉಬ್ಬಸದ ತೊಂದರೆ. ಅವಳ ಮಲಗುವ ಕೋಣೆಯ ಬಾಗಿಲು ತೆರೆದೊಡನೆ, ಹಿಂದಿನ ಕಾಲದ ಜೆರಾಕ್ಸ್ ಅಂಗಡಿಗಳಲ್ಲಿ ಇರುತ್ತಿದ್ದಂತಹ ತೀಕ್ಷ್ಣವಾದ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ನೀಲಿ ದೀಪ ಬೆಳಗಿಸಿಕೊಂಡು ಒಂದು ಪುಟ್ಟ ಯಂತ್ರ ಕುಳಿತಿತ್ತು. "ಗಾಳಿ ಶುದ್ಧ ಮಾಡುತ್ತದಂತೆ ಅಣ್ಣಾ, ಓಝೋನ್ ಬರುತ್ತದಂತೆ. ನಿನ್ನ ಶಿಷ್ಯನೇ ತಂದುಕೊಟ್ಟ" ಎಂದಳು. ಆ ಶಿಷ್ಯನಿಗೆ ಫೋನ್ ಮಾಡಿದೆ. "ಸಾರ್, ಓಝೋನ್ ನಮ್ಮ ರಕ್ಷಾಕವಚ ಅಂತ ನೀವೇ ಅಲ್ಲವೇ ಪಾಠ ಮಾಡಿದ್ದು?" ಎಂದ.

ಹೌದು, ನಾನೇ. ಸೆಪ್ಟೆಂಬರ್ 16ರ ಓಝೋನ್ ದಿನದಂದು ಭೂಮಿಗೆ ಕೊಡೆ ಹಿಡಿದ ಚಿತ್ರವನ್ನು ಮಕ್ಕಳಿಂದ ಬರೆಸುತ್ತಿದ್ದವನು ನಾನೇ. ಆದರೆ ಅದು ಅರ್ಧ ಪಾಠ. ಆ ಅರ್ಧ ಪಾಠವನ್ನೇ ಬಂಡವಾಳ ಮಾಡಿಕೊಂಡು ವ್ಯಾಪಾರ ಮಾಡುವವರಿದ್ದಾರೆಂದು ಈಗ ತಿಳಿಯಿತು. ಆದ್ದರಿಂದ ಉಳಿದರ್ಧವನ್ನು ಇಂದು ಹೇಳಬೇಕಾಗಿದೆ.

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು; ಓಝೋನಿನಲ್ಲಿ ಮೂರು. ಆ ಮೂರನೆಯದು ನೆಮ್ಮದಿಯಿಂದ ನಿಲ್ಲುವಂಥದಲ್ಲ. ಸಿಕ್ಕಿದ್ದರೊಡನೆ ಸೇರಿ ಅದನ್ನು ಉತ್ಕರ್ಷಿಸಿಬಿಡುತ್ತದೆ. ವಾತಾವರಣದ ಓಝೋನಿನ ಸುಮಾರು ನೂರಕ್ಕೆ 90 ಭಾಗ ಸ್ತರಗೋಳದಲ್ಲಿ, ಹೆಚ್ಚಾಗಿ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿ ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರುತ್ತದೆ. ವಾತಾವರಣದಲ್ಲಿರುವ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ! ಅಂಟಾರ್ಕ್ಟಿಕದ ಮೇಲೆ ಅದು ಕ್ಷೀಣಿಸುತ್ತಿದೆಯೆಂದು 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಪ್ರಕಟಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಇಷ್ಟನ್ನು ನಾನು ಉತ್ಸಾಹದಿಂದ ಕಲಿಸಿದ್ದೆ.

ಕಲಿಸದೆ ಬಿಟ್ಟದ್ದೇನೆಂದರೆ, ಆ ಕವಚವನ್ನು ಯಾರೂ ಉಸಿರಾಡುವುದಿಲ್ಲ ಎಂಬುದು. ಅದೇ ಅನಿಲ ಶ್ವಾಸಕೋಶವನ್ನು ಹೊಕ್ಕರೆ ಅಲ್ಲಿನ ಕೋಮಲ ಪದರಗಳನ್ನೇ ಉತ್ಕರ್ಷಿಸತೊಡಗುತ್ತದೆ. ಕೆಮ್ಮು, ಎದೆಬಿಗಿತ, ಉಬ್ಬಸದ ಉಲ್ಬಣ ಇದರ ಫಲ. ನೆಲಮಟ್ಟದಲ್ಲಿ ವಾಹನಗಳ ಹೊಗೆಯೂ ಬಿಸಿಲೂ ಸೇರಿ ಹುಟ್ಟುವ ಓಝೋನನ್ನು ಮಾಲಿನ್ಯವೆಂದೇ ಲೆಕ್ಕ ಹಾಕುತ್ತಾರೆ. ನಮ್ಮ ದೇಶದ 2009ರ ವಾಯುಗುಣಮಟ್ಟದ ಮಾನದಂಡದಲ್ಲಿ ಎಂಟು ಗಂಟೆಗಳ ಸರಾಸರಿಗೆ ಘನಮೀಟರಿಗೆ 100 ಮೈಕ್ರೋಗ್ರಾಂ ಎಂಬ ಮಿತಿಯಿದೆ. ಹೊರಗೆ ಮಾಲಿನ್ಯವಾದದ್ದು ಮಲಗುವ ಕೋಣೆಯಲ್ಲಿ ಔಷಧವಾಗುವುದು ಹೇಗೆ?

ಈ ಯಂತ್ರಗಳ ಕೆಲಸವನ್ನೂ ನೋಡೋಣ. ಸೂಜಿಯಂತಹ ಮೊನೆಗೆ ಸಾವಿರಾರು ವೋಲ್ಟ್ ಕೊಟ್ಟರೆ ಸುತ್ತಲಿನ ಗಾಳಿ ಅಯಾನುಗಳಾಗುತ್ತದೆ. ಅವು ಧೂಳಿಗೆ ವಿದ್ಯುದಾವೇಶ ನೀಡುತ್ತವೆ. ಧೂಳು ಗೋಡೆಗೆ, ಹಾಸಿಗೆಗೆ ಅಂಟುತ್ತದೆ. ಕೋಣೆ ಬಿಟ್ಟು ಹೋಗುವುದಿಲ್ಲ! ಅದೇ ವಿಸರ್ಜನೆಯಲ್ಲಿ ಓಝೋನ್ ಕೂಡ ಹುಟ್ಟುತ್ತದೆ. ಕೆಲವು ಯಂತ್ರಗಳಲ್ಲಿ ಅದು ಅಲ್ಪ. ಇನ್ನು ಕೆಲವು ಯಂತ್ರಗಳನ್ನು ಓಝೋನ್ ಉತ್ಪಾದಿಸಲೆಂದೇ ಮಾಡಿರುತ್ತಾರೆ.

"ಕುಡಿಯುವ ನೀರನ್ನೇ ಓಝೋನಿನಿಂದ ಶುದ್ಧ ಮಾಡುವುದಿಲ್ಲವೇ?" ಎಂಬುದು ಮಾರುವವರ ವಾದ. ಮಾಡುತ್ತಾರೆ, ನಿಜ. ಆದರೆ ಅದು ವಿಭಜನೆಗೊಂಡ ಮೇಲೆ ಆ ನೀರನ್ನು ನಾವು ಕುಡಿಯುತ್ತೇವೆ. ಗಾಳಿಯಲ್ಲಿನ ಸೂಕ್ಷ್ಮಾಣುಗಳನ್ನು ಕೊಲ್ಲುವಷ್ಟು ಓಝೋನ್ ಬೇಕಾದರೆ ಅದು ಮನುಷ್ಯರಿಗೆ ಸುರಕ್ಷಿತವಾದ ಮಿತಿಯನ್ನು ಬಹುವಾಗಿ ಮೀರಬೇಕಾಗುತ್ತದೆ. ಮಿತಿಯೊಳಗಿದ್ದರೆ ಶುದ್ಧಿಯೂ ಆಗದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದೂ ಇದನ್ನೇ. ಕ್ಯಾಲಿಫೋರ್ನಿಯಾದಲ್ಲಂತೂ ಹತ್ತು ಲಕ್ಷಕ್ಕೆ 0.05 ಭಾಗಕ್ಕಿಂತ ಹೆಚ್ಚು ಓಝೋನ್ ಸೂಸುವ ಗೃಹಬಳಕೆಯ ವಾಯುಶೋಧಕಗಳ ಮಾರಾಟವನ್ನು 2010ರಿಂದ ನಿಷೇಧಿಸಿದ್ದಾರೆ.

ಇನ್ನು "ತಾಜಾ ಗಾಳಿಯ ಪರಿಮಳ" ಎಂಬ ಜಾಹೀರಾತು. 1839ರ ಸುಮಾರಿಗೆ ಬಾಸೆಲ್‌ನಲ್ಲಿ ಶೋನ್‌ಬೈನ್ ಈ ಅನಿಲವನ್ನು ಪತ್ತೆಹಚ್ಚಿದ್ದೇ ವಾಸನೆಯಿಂದ; "ವಾಸನೆ ಬೀರು" ಎಂಬರ್ಥದ ಗ್ರೀಕ್ ಪದದಿಂದಲೇ ಅದಕ್ಕೆ ಹೆಸರಿಟ್ಟ. ಅದು ಶುದ್ಧತೆಯ ಗುರುತಲ್ಲ, ಎಚ್ಚರಿಕೆಯ ಗಂಟೆ. ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಶ್ವಾಸಕೋಶಕ್ಕೆ ಆಗುವ ಪೆಟ್ಟು ಮಾತ್ರ ನಿಲ್ಲುವುದಿಲ್ಲ. ನಿಂಬೆಯ ಪರಿಮಳದ ದ್ರಾವಣದಿಂದ ನೆಲ ಒರೆಸಿದ್ದರಂತೂ ಓಝೋನ್ ಅದರೊಡನೆ ವರ್ತಿಸಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಶುದ್ಧಿಯ ಹೆಸರಿನಲ್ಲಿ ಇನ್ನೊಂದು ವಿಷ!

ಯಂತ್ರ ಕೊಳ್ಳುವವರು "ಇದು ಎಷ್ಟು ಓಝೋನ್ ಬಿಡುತ್ತದೆ?" ಎಂದು ಮೊದಲು ಕೇಳಿ. ಉತ್ತರವಿಲ್ಲದಿದ್ದರೆ ಕೊಳ್ಳಬೇಡಿ. ಗಾಳಿಯನ್ನು ಸೋಸಲೇಬೇಕೆಂದಿದ್ದರೆ ಅಯಾನಿನ ಗೊಡವೆಯಿಲ್ಲದ, ಬರಿಯ ಹೆಪಾ ಫಿಲ್ಟರಿನ ಯಂತ್ರಗಳಿವೆ. ಹೊರಗಾಳಿ ಚೆನ್ನಾಗಿರುವ ಹೊತ್ತಿನಲ್ಲಿ ಕಿಟಕಿ ತೆರೆಯುವುದಕ್ಕೆ ಖರ್ಚೂ ಇಲ್ಲ.

ತಂಗಿಯ ಕೋಣೆಯ ಯಂತ್ರವನ್ನು ಅಂದೇ ಆರಿಸಿ ಕಿಟಕಿ ತೆರೆದೆ. ಶಿಷ್ಯನ ಮೇಲೆ ನನಗೆ ಕೋಪವಿಲ್ಲ. ಗುರುವಿನ ಮಾತನ್ನು ಆತ ನೆನಪಿಟ್ಟುಕೊಂಡಿದ್ದ, ಅಷ್ಟೆ. ಯಾವ ವಸ್ತುವೂ ತಾನಾಗಿ ಒಳ್ಳೆಯದಲ್ಲ, ಕೆಟ್ಟದ್ದಲ್ಲ. ಎಲ್ಲಿದೆ, ಎಷ್ಟಿದೆ ಎಂಬುದೇ ಮುಖ್ಯ. ಈ ಒಂದು ವಾಕ್ಯವನ್ನು ಅಂದು ಕಪ್ಪುಹಲಗೆಯ ಮೇಲೆ ಬರೆಯದೆ ಹೋದೆ. ಇಂದು ಇಲ್ಲಿ ಬರೆದಿದ್ದೇನೆ. ನಿಮ್ಮ ಮಕ್ಕಳಿಗೂ ಓದಿ ಹೇಳಿ.

ನಿಮ್ಮ ಮೇಷ್ಟ್ರು