ಓಟದ ಓದು, ಮಾಟದ ಅಕ್ಷರ

ಇಂದು ಧಾರವಾಡ ಜಿಲ್ಲೆಯ ಹಳ್ಳಿಹಳ್ಳಿಗೂ ಮೊಬೈಲ್ ತಲುಪಿದೆ. ಅದರ ಬೆನ್ನಿಗೇ ಎರಡು ಬಗೆಯ ಸರಕುಗಳು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ನಮ್ಮ ಮಕ್ಕಳ ಅಂಗೈಗೂ ಬಂದಿವೆ. ಒಂದು, ಗಂಟೆಗೊಂದು ಪುಸ್ತಕ ಓದಿ ಮುಗಿಸುವುದನ್ನು ಕಲಿಸುತ್ತೇವೆನ್ನುವ ‘ಸ್ಪೀಡ್ ರೀಡಿಂಗ್’ ತರಬೇತಿ. ಇನ್ನೊಂದು, ‘ರೂನ್’ ಎಂಬ ಹಳೆಯ ಯುರೋಪಿನ ಅಕ್ಷರಗಳನ್ನು ತೋರಿಸಿ ನಾಳೆಯ ಭವಿಷ್ಯ ಹೇಳುತ್ತೇವೆನ್ನುವ ಆಟ. ಮೇಲ್ನೋಟಕ್ಕೆ ಮೊದಲನೆಯದು ವಿದ್ಯೆ, ಎರಡನೆಯದು ಮೌಢ್ಯ. ಆದರೆ ಇವೆರಡೂ ಒಂದೇ ಬೇರಿನಿಂದ ಹುಟ್ಟಿದವು ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಅರ್ಥ ಮಾಡಿಕೊಳ್ಳುವ ಶ್ರಮವಿಲ್ಲದೆ ಅಕ್ಷರದಿಂದ ಫಲವನ್ನು ಪಡೆಯಬಹುದೆಂಬ ದುರಾಸೆಯೇ ಆ ಬೇರು.

ಮೊದಲು ಓಟದ ಓದಿನ ವಿಚಾರ. 1959ರಲ್ಲಿ ಅಮೆರಿಕದ ಶಿಕ್ಷಕಿ ಎವೆಲಿನ್ ವುಡ್ ‘ರೀಡಿಂಗ್ ಡೈನಮಿಕ್ಸ್’ ಎಂಬ ತರಬೇತಿಯನ್ನು ಆರಂಭಿಸಿದರು. ಪುಟದ ಮೇಲೆ ಕೈಯಾಡಿಸುತ್ತ, ಅದರ ವೇಗಕ್ಕೆ ಕಣ್ಣನ್ನು ಓಡಿಸಿದರೆ ನಿಮಿಷಕ್ಕೆ ಸಾವಿರಾರು ಪದಗಳನ್ನು ಓದಬಹುದೆಂಬುದು ಅದರ ವಾದ. ಅಂದಿನಿಂದ ಹೆಸರು ಬದಲಾಗಿದೆ, ಪುಸ್ತಕದ ಜಾಗಕ್ಕೆ ಮೊಬೈಲ್ ಬಂದಿದೆ, ಆಶ್ವಾಸನೆ ಮಾತ್ರ ಅದೇ. ಆದರೆ ಕಣ್ಣಿಗೆ ಅಲ್ಲಾಹನು ಇಟ್ಟಿರುವ ಮಿತಿ ಯಾವ ಜಾಹೀರಾತಿಗೂ ಬದಲಾಗುವುದಿಲ್ಲ. ಕಣ್ಣಿನ ನಟ್ಟನಡುವಿನ ಒಂದು ಸಣ್ಣ ಭಾಗ ಮಾತ್ರ ಅಕ್ಷರವನ್ನು ಸ್ಪಷ್ಟವಾಗಿ ಗ್ರಹಿಸುತ್ತದೆ. ಓದುವಾಗ ಕಣ್ಣು ಸಾಲಿನ ಮೇಲೆ ಹರಿಯುವುದಿಲ್ಲ. ಜಿಗಿಯುತ್ತದೆ, ಸರಿಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಪ್ರೌಢರು ಮೌನವಾಗಿ ಓದುವ ಸಾಮಾನ್ಯ ವೇಗ ನಿಮಿಷಕ್ಕೆ 200ರಿಂದ 300 ಪದಗಳು. 2016ರಲ್ಲಿ ಕೀತ್ ರೇನರ್ ಮತ್ತು ಅವರ ಸಂಗಡಿಗರು ಈ ಕುರಿತ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಪ್ರಕಟಿಸಿದ ನಿರ್ಣಯ ಸರಳವಾಗಿದೆ: ವೇಗ ಬಹಳ ಹೆಚ್ಚಿದರೆ ಗ್ರಹಿಕೆ ಕುಗ್ಗುತ್ತದೆ, ಓದು ನಿಜವಾಗಿ ಚುರುಕಾಗುವುದು ಭಾಷೆಯ ಜ್ಞಾನ ಹೆಚ್ಚಿದಾಗ.

ಈ ವ್ಯಾಪಾರ ಇಲ್ಲಿಗೇ ನಿಲ್ಲಲಿಲ್ಲ. ‘ಕ್ವಾಂಟಮ್ ಸ್ಪೀಡ್ ರೀಡಿಂಗ್’ ಎಂಬ ಹೆಸರಿನಲ್ಲಿ, ಪುಟಗಳನ್ನು ಬೀಸಣಿಗೆಯಂತೆ ತಿರುವಿದರೆ ಪುಸ್ತಕದ ಸಾರ ತಾನಾಗಿಯೇ ತಲೆಗೆ ಇಳಿಯುತ್ತದೆಂದು ನಂಬಿಸಿದವರನ್ನು 2019ರಲ್ಲಿ ಚೀನಾದ ಜನರೇ ಗೇಲಿ ಮಾಡಿದರು. ನಮ್ಮ ದೇಶದಲ್ಲಿ, ನಮ್ಮ ಕರ್ನಾಟಕದಲ್ಲಿಯೂ, ‘ಮಿಡ್‌ಬ್ರೈನ್ ಆಕ್ಟಿವೇಷನ್’ ಹೆಸರಿನಲ್ಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಪ್ರದರ್ಶನಗಳು ನಡೆದವು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದಕ್ಕೆ ಬಹಿರಂಗವಾಗಿ ಸವಾಲು ಹಾಕಿದರು. ಪಟ್ಟಿಯ ಕೆಳಗೆ, ಮೂಗಿನ ಎರಡೂ ಬದಿಯಲ್ಲಿ ಉಳಿಯುವ ಸಂದಿಯಿಂದ ಮಕ್ಕಳು ಇಣುಕಿ ನೋಡುತ್ತಾರೆ ಎಂಬುದೇ ಅದರ ಗುಟ್ಟು. ನರೇಂದ್ರ ನಾಯಕರ ಎಲ್ಲ ವಿಚಾರಗಳನ್ನೂ ನಾವು ಒಪ್ಪುವುದಿಲ್ಲ. ಆದರೆ ಸತ್ಯವನ್ನು ಯಾರು ಹೇಳಿದರೂ ಅದು ಸತ್ಯವೇ. ಇಲ್ಲಿ ತಂದೆ ತಾಯಿಗಳು ಯೋಚಿಸಬೇಕಾದದ್ದು ಕಳೆದುಹೋದ ಸಾವಿರಾರು ರೂಪಾಯಿಗಳ ಬಗೆಗಲ್ಲ. ಇಣುಕಿ ನೋಡಿ ‘ನೋಡಲಿಲ್ಲ’ ಎನ್ನುವ ಮಗು, ಸಭೆಯ ಚಪ್ಪಾಳೆಗಾಗಿ ಸುಳ್ಳು ಹೇಳುವುದನ್ನು ಕಲಿಯುತ್ತದೆ. ಶುಲ್ಕ ಕೊಟ್ಟು ಮಗುವಿಗೆ ಸುಳ್ಳು ಕಲಿಸುವುದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ನಮ್ಮ ಧರ್ಮದ ಮೊಟ್ಟಮೊದಲ ಆದೇಶವೇ ಓದಿನದು. ಆ ಓದಿನ ನಡೆ ಹೇಗಿರಬೇಕೆಂದೂ ಅದೇ ಗ್ರಂಥ ತಿಳಿಸಿದೆ. ಕುರ್‌ಆನನ್ನು ನಿಧಾನವಾಗಿ, ಬಿಡಿಬಿಡಿಯಾಗಿ ಪಾರಾಯಣ ಮಾಡಬೇಕೆಂಬ ಆಜ್ಞೆ ಸೂರಃ ಮುಝ್ಝಮ್ಮಿಲ್‌ನಲ್ಲಿದೆ (73:4). ಅದನ್ನು ಬೇಗನೆ ಕಲಿಯುವ ಆತುರದಿಂದ ನಾಲಗೆಯನ್ನು ಅಲುಗಿಸಬಾರದೆಂದು ಸ್ವತಃ ಪ್ರವಾದಿವರ್ಯರಿಗೇ(ಸ) ತಿಳಿಸಲಾಯಿತು (75:16). ಜನರಿಗೆ ತಡೆತಡೆದು ಓದಿ ಕೇಳಿಸಲೆಂದೇ ಅದನ್ನು ಭಾಗಭಾಗವಾಗಿ ಇಳಿಸಲಾಯಿತು (17:106). ಮೂರು ದಿನಗಳಿಗಿಂತ ಕಡಿಮೆ ಅವಧಿಯಲ್ಲಿ ಇಡೀ ಕುರ್‌ಆನ್ ಓದಿದವನಿಗೆ ಅದು ಅರ್ಥವಾಗದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಇಬ್ನು ಉಮರ್(ರ) ಸೂರಃ ಬಕರಃ ಒಂದನ್ನೇ ಕಲಿಯಲು ಎಂಟು ವರ್ಷ ತೆಗೆದುಕೊಂಡರೆಂದು ಇಮಾಮ್ ಮಾಲಿಕ್‌ರ ‘ಮುವತ್ತಾ’ದಲ್ಲಿದೆ. ಅವರ ಮಾತೃಭಾಷೆಯೇ ಅರಬಿ ಆಗಿತ್ತೆಂಬುದನ್ನು ಮರೆಯಬಾರದು.

ಹೀಗಿರುವಾಗ ರಮಝಾನಿನ ತರಾವೀಹ್‌ನಲ್ಲಿ ‘ಎಲ್ಲಿ ಬೇಗ ಮುಗಿಯುತ್ತದೆ’ ಎಂದು ಮಸೀದಿಯನ್ನು ಹುಡುಕುವವರು, ಅಕ್ಷರಕ್ಕೆ ಅಕ್ಷರ ಕೂಡಿಕೊಂಡು ಏನೂ ಕೇಳಿಸದಂತೆ ಓದುವ ಹಾಫಿಝರನ್ನು ಹೊಗಳುವವರು ಉತ್ತರಿಸಬೇಕು. ಇದು ಅಲ್ಲಾಹನ ವಚನವನ್ನು ಆಲಿಸುವ ರೀತಿಯೇ?

ವೇಗದ ಪಾರಾಯಣಕ್ಕೂ ನಿಯಮವಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಇದೆ. ತಜ್‌ವೀದ್ ವಿದ್ವಾಂಸರು ತಹ್‌ಕೀಕ್, ತದ್‌ವೀರ್, ಹದ್‌ರ್ ಎಂಬ ನಡೆಗಳನ್ನು ಗುರುತಿಸಿದ್ದಾರೆ. ಹದ್‌ರ್ ಎಂಬುದು ಚುರುಕಿನ ನಡೆ. ಹಾಫಿಝರ ಪುನರಾವರ್ತನೆಗೆ ಅದು ಉಪಯುಕ್ತ. ಆದರೆ ಅಲ್ಲಿಯೂ ಪ್ರತಿಯೊಂದು ಅಕ್ಷರಕ್ಕೆ ಅದರ ಹಕ್ಕು ಸಲ್ಲಲೇಬೇಕು. ಲೌಕಿಕ ಓದಿನಲ್ಲಿಯೂ ಅಷ್ಟೇ. ಪತ್ರಿಕೆಯ ಮೇಲೆ ಕಣ್ಣಾಡಿಸುವುದು, ಪಹಣಿಯಲ್ಲಿ ಸರ್ವೆ ನಂಬರ್ ಹುಡುಕುವುದು, ಪ್ರಶ್ನೆಪತ್ರಿಕೆಯನ್ನು ಒಮ್ಮೆ ಪೂರ್ತಿ ನೋಡಿಕೊಳ್ಳುವುದು ಉಪಯುಕ್ತ ಕಲೆಗಳೇ. ನಮ್ಮ ವಿರೋಧ ಕಣ್ಣಾಡಿಸುವುದಕ್ಕಲ್ಲ. ಕಣ್ಣಾಡಿಸಿದ್ದನ್ನೇ ‘ಓದಿದ್ದೇನೆ’ ಎನ್ನುವುದಕ್ಕೆ.

ಇನ್ನು ರೂನ್‌ಗಳ ಸಂಗತಿ. ಅವು ಮೂಲತಃ ಉತ್ತರ ಯುರೋಪಿನ ಜನರ ಲಿಪಿ. ಹಳೆಯ ಮಾಲೆಯಲ್ಲಿ 24 ಅಕ್ಷರಗಳಿದ್ದವು. ಬಾಚಣಿಗೆಯ ಮೇಲೆ ಹೆಸರು, ಸ್ಮಾರಕ ಕಲ್ಲಿನ ಮೇಲೆ ಮೃತರ ನೆನಪು, ವ್ಯಾಪಾರಿಯ ಸರಕಿನ ಮೇಲೆ ಗುರುತಿನ ಚೀಟಿ, ಹೀಗೆ ನಿತ್ಯದ ಬಳಕೆಗೂ ಅವು ಒದಗುತ್ತಿದ್ದವು. 922ರಲ್ಲಿ ವೋಲ್ಗಾ ನದಿಯ ತೀರಕ್ಕೆ ಹೋಗಿದ್ದ ಬಗ್ದಾದಿನ ರಾಯಭಾರಿ ಇಬ್ನು ಫದ್ಲಾನ್, ರೂಸ್ ಜನರು ತಮ್ಮ ನಾಯಕನ ಸಮಾಧಿದಿಬ್ಬದ ಮೇಲೆ ಮರದ ಕಂಬ ನೆಟ್ಟು ಅವನ ಹೆಸರನ್ನೂ ಅವರ ರಾಜನ ಹೆಸರನ್ನೂ ಬರೆದುದನ್ನು ದಾಖಲಿಸಿದ್ದಾರೆ. ಬಹುದೇವಾರಾಧಕರ ನಾಡಿಗೆ ಹೋದ ಆ ಮುಸ್ಲಿಮ್ ಪ್ರವಾಸಿ ಕಣ್ಣು ಮುಚ್ಚಿಕೊಳ್ಳಲಿಲ್ಲ, ಮರುಳೂ ಆಗಲಿಲ್ಲ, ನೋಡಿದ್ದನ್ನು ಬರೆದಿಟ್ಟರು. ಅನ್ಯರ ಲಿಪಿಯನ್ನೂ ಪುರಾಣವನ್ನೂ ಇತಿಹಾಸವೆಂದು ಅರಿಯಲು ಇಸ್ಲಾಮ್ ಅಡ್ಡಿಯಲ್ಲ. ಆ ಅಕ್ಷರಗಳನ್ನು ಚೆಲ್ಲಿ ವಿಧಿಯನ್ನು ಕೇಳುವುದು ಬೇರೆ ಮಾತು. ಇಂದು ಮಾರಾಟವಾಗುವ ಅನೇಕ ರೂನ್ ಕಟ್ಟುಗಳಲ್ಲಿ ಅಕ್ಷರವೇ ಇಲ್ಲದ ಒಂದು ಖಾಲಿ ಕಲ್ಲಿರುತ್ತದೆ. ಅದು ಪ್ರಾಚೀನವೇನಲ್ಲ, 1982ರಲ್ಲಿ ರಾಲ್ಫ್ ಬ್ಲಮ್ ಎಂಬ ಅಮೆರಿಕದ ಲೇಖಕರ ಪುಸ್ತಕದೊಂದಿಗೆ ಬಂದದ್ದು. ಖಾಲಿ ಕಲ್ಲಿನಲ್ಲಿಯೂ ಭವಿಷ್ಯ ಕಾಣುವವರಿಗೆ ಅಕ್ಷರವಾದರೂ ಯಾಕೆ ಬೇಕು?

ಅಜ್ಞಾನಕಾಲದ ಅರಬರು ಇದೇ ಕೆಲಸವನ್ನು ಬಾಣಗಳಿಂದ ಮಾಡುತ್ತಿದ್ದರು. ಪ್ರಯಾಣಕ್ಕೆ, ವಿವಾಹಕ್ಕೆ, ವ್ಯಾಪಾರಕ್ಕೆ ಗುರುತು ಮಾಡಿದ ಬಾಣವನ್ನು ಎತ್ತಿ ‘ಹೌದು’, ‘ಅಲ್ಲ’ ತಿಳಿಯುತ್ತಿದ್ದರು. ಕುರ್‌ಆನ್ ಅದನ್ನು ಮದ್ಯ ಮತ್ತು ಜೂಜಿನ ಸಾಲಿನಲ್ಲಿಟ್ಟು ಶೈತಾನನ ಹೊಲಸು ಕೃತ್ಯವೆಂದು ನಿಷೇಧಿಸಿತು (5:90). ಬಾಣ ಹೋಗಿ ಕಲ್ಲು ಬಂದರೂ, ಕಲ್ಲು ಹೋಗಿ ಮೊಬೈಲ್ ಬಂದರೂ ವಿಧಿ ಒಂದೇ.

ಆದರೆ ದೂರದ ರೂನನ್ನು ನಿಂದಿಸಿ, ಹತ್ತಿರದ ತಾಯತವನ್ನು ಕೊರಳಲ್ಲಿ ಕಟ್ಟಿಕೊಂಡರೆ ನ್ಯಾಯವೇ? ಪರೀಕ್ಷೆಗೆಂದು ಮಗುವಿನ ತೋಳಿಗೆ ಕಟ್ಟುವ ಚೌಕದೊಳಗಿನ ಅಂಕಿಗಳನ್ನು ಬಿಚ್ಚಿ ನೋಡಿದವರು ಎಷ್ಟು ಮಂದಿ? ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15 ಬರುವ ಒಂಬತ್ತು ಮನೆಗಳ ಚೌಕ ಬಹಳ ಪ್ರಸಿದ್ಧ. ಅದು ಇಸ್ಲಾಮಿಗಿಂತ ಮೊದಲೇ ಚೀನಾದವರಿಗೆ ತಿಳಿದಿದ್ದ ಲೆಕ್ಕದ ಆಟ. ಅದನ್ನು ಕುರ್‌ಆನಿನ ಗುಪ್ತಶಕ್ತಿಯೆಂದು ಮಾರುವುದು ವಂಚನೆ. ಕುರ್‌ಆನಿನ ವಚನಗಳನ್ನೇ ಬರೆದು ಕಟ್ಟುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ನಾವು ಮರೆಮಾಚುವುದಿಲ್ಲ. ಅರ್ಥವೇ ತಿಳಿಯದ ಅಂಕಿ, ಗುರುತುಗಳಿಗೆ ಮಾತ್ರ ಯಾವ ಆಧಾರವೂ ಇಲ್ಲ. ಹತ್ತು ಮಂದಿ ಬೈಅತ್‌ಗೆ ಬಂದಾಗ ಪ್ರವಾದಿವರ್ಯರು(ಸ) ಒಂಬತ್ತು ಮಂದಿಯಿಂದ ಸ್ವೀಕರಿಸಿ, ತಾಯತ ಧರಿಸಿದ್ದ ಒಬ್ಬನನ್ನು ತಡೆದರು. ಅದನ್ನು ಕತ್ತರಿಸಿದ ಬಳಿಕವೇ ಅವನ ಬೈಅತ್ ಸ್ವೀಕೃತವಾಯಿತೆಂದು ಮುಸ್ನದ್ ಅಹ್ಮದ್‌ನಲ್ಲಿದೆ.

ನಮ್ಮ ನೆಲಕ್ಕೆ ನಿಧಾನದ ಬೆಲೆ ಗೊತ್ತು. ಒಮ್ಮೆಲೇ ಸುರಿದ ಮಳೆ ಬೆಣ್ಣೆಹಳ್ಳಕ್ಕೆ ಹರಿದು ದಂಡೆಯ ಬೆಳೆಯನ್ನೇ ಒಯ್ಯುತ್ತದೆ. ಎರೆಭೂಮಿಗೆ ನಿಧಾನವಾಗಿ ಇಂಗಿದ ನೀರೇ ಹಿಂಗಾರಿಯ ಕಡಲೆಯನ್ನೂ ಬಿಳಿಜೋಳವನ್ನೂ ಸಾಕುತ್ತದೆ. ನವಲಗುಂದದ ಜಮಖಾನವನ್ನು ನೇಯುವ ನಮ್ಮ ತಾಯಂದಿರು ಎಳೆ ಹಾಕಿ, ಪಂಜಾದಿಂದ ಬಡಿದು ಕೂರಿಸಿ, ಆಮೇಲೆ ಮುಂದಿನ ಎಳೆಗೆ ಹೋಗುತ್ತಾರೆ. ಬಡಿಯದೆ ಓಡಿಸಿದ ನೇಯ್ಗೆ ಹಾಸುವುದಕ್ಕೂ ಬಾರದು, ಹೊದೆಯುವುದಕ್ಕೂ ಬಾರದು. ಓದಿನ ಹದವೂ ಇದೇ.

ನಮ್ಮ ಮಕ್ಕಳ ಹೊರೆ ಚಿಕ್ಕದಲ್ಲ. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮಕ್ತಬ್‌ನಲ್ಲಿ ಅರಬಿ, ಅನೇಕರಿಗೆ ಅದರ ಜೊತೆಗೆ ಉರ್ದು. ಹತ್ತು ವರ್ಷ ತುಂಬುವುದರೊಳಗೆ ಮೂರು ನಾಲ್ಕು ಬರಹಗಳು. ಇಂತಹ ಮಗು ತಡವರಿಸಿದರೆ ಅದು ಮಂದಬುದ್ಧಿಯ ಲಕ್ಷಣವಲ್ಲ. ಅದಕ್ಕೆ ಬೇಕಾದದ್ದು ವೇಗದ ತರಬೇತಿಯೂ ಅಲ್ಲ, ತೋಳಿನ ತಾಯತವೂ ಅಲ್ಲ; ಪಕ್ಕದಲ್ಲಿ ಕುಳಿತು ಕೇಳುವ ಒಬ್ಬ ಹಿರಿಯರು. ಮಗ್ರಿಬ್ ನಮಾಝಿನ ನಂತರ ಅರ್ಧ ಗಂಟೆ ಮೊಬೈಲನ್ನು ದೂರವಿಡಿ. ಮಗು ಶಾಲೆಯ ಪಾಠದ ಒಂದು ಪುಟವನ್ನು ಗಟ್ಟಿಯಾಗಿ ಓದಲಿ, ಓದಿದ್ದನ್ನು ಮನೆಮಾತಿನಲ್ಲಿ ಹೇಳಲಿ. ಕುರ್‌ಆನಿನ ಐದು ವಚನಗಳನ್ನು ಓದಿ, ಕನ್ನಡ ಅನುವಾದದಿಂದ ಅವುಗಳ ಅರ್ಥವನ್ನೂ ತಿಳಿಯಲಿ. ಓದುಬಾರದ ಅಜ್ಜಿಯೂ ‘ಇದರ ಅರ್ಥವೇನು ಮಗಾ?’ ಎಂದು ಕೇಳಬಲ್ಲರು. ಆ ಒಂದು ಪ್ರಶ್ನೆ ಯಾವ ತರಬೇತಿಗಿಂತಲೂ ಹೆಚ್ಚು ಕಲಿಸುತ್ತದೆ.

ಗ್ರಂಥವನ್ನು ಹೊತ್ತೂ ಅದರಿಂದ ಪ್ರಯೋಜನ ಪಡೆಯದವರನ್ನು ಕುರ್‌ಆನ್ ಪುಸ್ತಕಗಳನ್ನು ಹೊತ್ತ ಕತ್ತೆಗೆ ಹೋಲಿಸಿದೆ (62:5). ಆ ಹೊರೆಯನ್ನು ಹೊತ್ತು ಓಡಿದರೂ ಅದು ಹೊರೆಯೇ, ಕೊರಳಿಗೆ ಕಟ್ಟಿಕೊಂಡರೂ ಹೊರೆಯೇ. ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ತಾಳ್ಮೆಯಿಂದ ಓದುವ, ಅರ್ಥಮಾಡಿಕೊಳ್ಳುವ ಮತ್ತು ಅದರಂತೆ ನಡೆಯುವ ಭಾಗ್ಯವನ್ನು ಕರುಣಿಸಲಿ. ಆಮೀನ್.